ಬ್ಯಾರನ್ನಿನ ಬರ್ಗರು, ಬೀಗರು ಕೇಳಿದ ಮೂಳೆ

ಅರವತ್ತು ರೂಪಾಯಿ. ನಮ್ಮ ಹೋಟೆಲಿನ ಮಟನ್ ಬರ್ಗರ್ ಒಂದಕ್ಕೆ ನಾನು ಇಟ್ಟಿದ್ದ ಬೆಲೆ ಅದು. ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ಹುಣಸೂರು ಬಸ್ ಸ್ಟ್ಯಾಂಡಿನ ಪಕ್ಕ ಹದಿನೈದು ರೂಪಾಯಿಗೆ ಹೊಟ್ಟೆ ತುಂಬ ಮುದ್ದೆ ಊಟ ಸಿಗುತ್ತಿದ್ದ ಕಾಲ. "ಅರವತ್ತಾ? ಬನ್ನಿಗಾ?" ಎಂದು ಬಾಗಿಲಿನಿಂದಲೇ ವಾಪಸು ಹೋದವರು ಎಷ್ಟೋ ಜನ. ಲೆಕ್ಕ ಕೇಳಿದವರಿಗೆಲ್ಲ ಹೇಳಿದ್ದೇನೆ, ನಿಮಗೂ ಹೇಳುತ್ತೇನೆ. ಕುರಿಯ ತೊಡೆ ತಂದು ಮೂಳೆ, ನರ, ಪೊರೆ ತೆಗೆದರೆ ಮೂರರಲ್ಲಿ ಒಂದು ಪಾಲು ಹೊರಟೇ ಹೋಗುತ್ತದೆ. ಉಳಿದ ಮಾಂಸವನ್ನು ಮಿಷನ್ನಿಗೆ ಹಾಕದೆ ಹುಣಸೆ ಕೊರಡಿನ ಮೇಲೆ ಕತ್ತಿಯಲ್ಲೇ ಕೊಚ್ಚಿಸುತ್ತಿದ್ದೆ, ಅದಕ್ಕೊಬ್ಬರ ಕೂಲಿ. ಬನ್ನು ಅವತ್ತಿನದೇ. ಸವರುವುದು ಬೆಣ್ಣೆ, ಡಾಲ್ಡಾ ಅಲ್ಲ. ಇಷ್ಟಕ್ಕೆ ಮೂವತ್ತೆಂಟು. ಕರೆಂಟು, ಸಂಬಳ, ಬಾಡಿಗೆಗೆ ಹನ್ನೆರಡು. ಐದು ನನ್ನ ಲಾಭ. ಉಳಿದ ಐದು ಗೋಡೆಗೆ.

ನಗಬೇಡಿ. ಗೋಡೆಗೇ. ನಮ್ಮ ಹೋಟೆಲು ಇದ್ದದ್ದು ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ರಸ್ತೆಯಲ್ಲಿ, ಹೊಗೆಸೊಪ್ಪು ಬೇಯಿಸುತ್ತಿದ್ದ ಒಂದು ಹಳೆಯ ಬ್ಯಾರನ್ನಿನಲ್ಲಿ. ಎತ್ತರದ ಗೋಡೆ, ಮೇಲೆ ಸೊಪ್ಪು ನೇತುಹಾಕುತ್ತಿದ್ದ ಗಳಗಳ ಸಾಲು. ಎಷ್ಟು ಸುಣ್ಣ ಹೊಡೆಸಿದರೂ ಮಳೆ ಬಂದ ದಿನ ಗೋಡೆಯಿಂದ ಹದವಾದ ಸೊಪ್ಪಿನ ಘಮ ಏಳುತ್ತಿತ್ತು. ಕೊಡಗಿಗೆ ಹೋಗುವ ಬೆಂಗಳೂರಿನವರು ಆ ಗೋಡೆಗೆ ಮೂಗಿಟ್ಟು ನೋಡಿ, ಫೋಟೋ ತೆಗೆಸಿಕೊಂಡು, ಆಮೇಲೆ ಆರ್ಡರ್ ಕೊಡುತ್ತಿದ್ದರು. ಇಷ್ಟವಾದದ್ದಕ್ಕೆ ಗಿರಾಕಿ ದುಡ್ಡು ಕೊಡುತ್ತಾನೆ. ಅದನ್ನು ಕೇಳುವುದಕ್ಕೆ ನಾವು ನಾಚಬಾರದು.

ಹೋಟೆಲು ಬಿಟ್ಟು ಈಗ ಮನೆಯಲ್ಲಿದ್ದೇನೆ. ಹೆದ್ದಾರಿ ಪಕ್ಕ ಬರ್ಗರ್ ಅಂಗಡಿ ಹಾಕುತ್ತೇವೆ ಎನ್ನುವ ಹೊಸಬರು ಸಲಹೆ ಕೇಳಲು ಬರುತ್ತಾರೆ. ಎಲ್ಲರೂ ಕೇಳುವುದು ಮಿಷನ್ ಎಲ್ಲಿ ಸಿಗುತ್ತದೆ, ಸಾಸ್ ಯಾವುದು ಒಳ್ಳೆಯದು ಎಂದು. ನಾನು ಹೇಳಬೇಕೆಂದಿರುವುದು ಬೇರೆ. ಆ ಬ್ಯಾರನ್ ಒಂದು ಸಲ ನನ್ನ ಕೈಬಿಟ್ಟು ಹೋಗುವುದರಲ್ಲಿತ್ತು. ಹೋಗದೆ ಉಳಿದದ್ದು ನನ್ನ ಬುದ್ಧಿಯಿಂದಲ್ಲ. ಅದನ್ನು ಬರೆದಿಡಬೇಕು.

ಮೊದಲು ನಾನು ಕಲಿತ ಕಡೆಯಿಂದ ಶುರು ಮಾಡುತ್ತೇನೆ. ತೊಂಬತ್ತರ ಆಚೀಚೆ ಕೆ.ಆರ್.ನಗರದ ಒಂದು ಮಿಲಿಟ್ರಿ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದೆ. ಮಿಲಿಟ್ರಿ ಎಂದರೆ ಸೈನ್ಯವಲ್ಲ, ನಮ್ಮ ಕಡೆ ಬಾಡೂಟದ ಹೋಟೆಲಿಗೆ ಆ ಹೆಸರು. ಅಲ್ಲಿನ ಯಜಮಾನರು ಗಲ್ಲಾದಲ್ಲಿ ಕೂತದ್ದನ್ನು ನಾನು ನೋಡಿದ್ದೇ ಕಡಿಮೆ. ಕೈ ತೊಳೆಯುವ ತೊಟ್ಟಿಯ ಹತ್ತಿರ, ಉಂಡವರು ಎಲೆ ಎಸೆಯುವ ಬುಟ್ಟಿಯ ಪಕ್ಕ ನಿಂತಿರುತ್ತಿದ್ದರು. ಒಂದು ದಿನ ಕೇಳಿಯೇಬಿಟ್ಟೆ.

"ಯಜಮಾನ್ರೆ, ಗಲ್ಲಾ ಬಿಟ್ಟು ಎಂಜಲೆಲೆ ಕಾಯ್ತೀರಲ್ಲ?"

"ಗಲ್ಲಾ ನಿನ್ನೆ ಯಾಪಾರ ಹೇಳ್ತದೆ ಕಣ್ಲಾ, ಎಲೆ ನಾಳೆ ಯಾಪಾರ ಹೇಳ್ತದೆ," ಅಂದರು. "ಬಾಯಲ್ಲಿ ಎಲ್ರೂ ಚೆನ್ನಾಗದೆ ಅಂತಾರೆ. ಎಲೇಲಿ ಏನು ಬುಟ್ಟವ್ರೆ ನೋಡು."

ಸಂತೆಯಲ್ಲಿ ಕುರಿ ಕೊಳ್ಳುವುದನ್ನೂ ಅವರೇ ಕಲಿಸಿದ್ದು. ಬೇಕಾದ ಕುರಿಯನ್ನು ಮೊದಲು ಮುಟ್ಟಬಾರದು. ಪಕ್ಕದ ಕುರಿಯ ಬೆನ್ನು ಸವರಿ, ರೇಟು ಜಗ್ಗಿ, ಬೇಡವೆಂದು ಹೊರಟು, ಹೋಗುವಾಗ "ಇದೆಷ್ಟಕ್ಕೆ?" ಎಂದು ಇದರ ಕಡೆ ಕೈ ತೋರಿಸಬೇಕು. ಇವತ್ತಿಗೂ ನಾನು ಸೀರೆ ಅಂಗಡಿಯಲ್ಲಿ ಹೀಗೇ ಮಾಡುವುದು. ನನ್ನ ಹೆಂಡತಿ ಅದಕ್ಕೇ ನನ್ನನ್ನು ಕರೆದುಕೊಂಡು ಹೋಗುವುದಿಲ್ಲ.

ಅಲ್ಲಿಂದ ಎಚ್.ಡಿ.ಕೋಟೆ ಕಡೆ ಕಾಡಂಚಿನ ಒಂದು ರೆಸಾರ್ಟಿನ ಅಡುಗೆಮನೆಗೆ ಹೋದೆ. ಬರ್ಗರ್ ಎಂಬುದನ್ನು ಮೊದಲು ಕಣ್ಣಲ್ಲಿ ನೋಡಿದ್ದು ಅಲ್ಲಿ. ಶೆಫ್ ಕೇರಳದವರು. ಅರ್ಧ ಕನ್ನಡ, ಅರ್ಧ ಮಲಯಾಳ, ಸಿಟ್ಟು ಬಂದರೆ ಪೂರ್ತಿ ಮಲಯಾಳ. ಕೈಮ ಉಂಡೆ ಕಟ್ಟಿ ಗೊತ್ತಿದ್ದ ನಾನು ಮಾಂಸವನ್ನು ಚೆನ್ನಾಗಿ ನಾದಿ, ಚಪ್ಪಟೆ ತಟ್ಟಿ, ಕಾವಲಿಯ ಮೇಲಿಟ್ಟು ಮಗುಚುವ ಸಟ್ಟುಗದಲ್ಲಿ ಒತ್ತಿದೆ. ಚುಂಯ್ ಎಂದು ರಸವೆಲ್ಲ ಹೊರಬಂತು. ನನಗೆ ಖುಷಿ. ಶೆಫ್ ಆ ಬಿಲ್ಲೆಯನ್ನು ತೆಗೆದು ನನ್ನ ಮುಂದಿಟ್ಟು, "ಇದು ಚಪ್ಪಲಿ. ಒಂದು ಕಾಲಿಗೆ ಆಯಿತು, ಇನ್ನೊಂದು ಕಾಲಿಗೂ ಮಾಡು," ಅಂದರು. ಇಡೀ ಅಡುಗೆಮನೆ ನಕ್ಕಿತು. ಅವತ್ತು ಕಲಿತದ್ದು: ನಾದಬೇಡಿ, ಒತ್ತಬೇಡಿ, ಉಪ್ಪನ್ನು ಕಾವಲಿಗೆ ಹಾಕುವ ಹೊತ್ತಿಗೆ ಹಾಕಿ, ಒಂದೇ ಸಲ ಮಗುಚಿ. ಈರುಳ್ಳಿ ಒಳಗೆ ಸೇರಿಸಿದರೆ ನೀರು ಬಿಟ್ಟು ಒಡೆಯುತ್ತದೆ, ಮೇಲಿಡಿ. ಇದಿಷ್ಟೇ ಬರ್ಗರ್ ವಿದ್ಯೆ. ಉಳಿದದ್ದೆಲ್ಲ ವ್ಯಾಪಾರ.

ರೆಸಾರ್ಟಿಗೆ ಬರುವವರೆಲ್ಲ ಹುಣಸೂರಿನ ಮೇಲೋ ಮೈಸೂರಿನ ಮೇಲೋ ಹೋಗಬೇಕು. ದಾರಿಯಲ್ಲಿ ಇದನ್ನೇ ಯಾರಾದರೂ ಕೊಟ್ಟರೆ? ಹಾಗೆ ಹುಡುಕುತ್ತ ಹೋದಾಗ ಕೊಡಗಿನ ರಸ್ತೆಯಲ್ಲಿ ಸಿಕ್ಕಿದ್ದು ಚೆಲುವೇಗೌಡರ ಬ್ಯಾರನ್. ಗೌಡರು ಬೆಟ್ಟದಪುರ ಕಡೆಯ ಹೊಗೆಸೊಪ್ಪಿನ ಬೆಳೆಗಾರರು. ರಸ್ತೆ ಬದಿಯ ಜಮೀನಿನಲ್ಲಿ ಹೊಸ ಬ್ಯಾರನ್ ಕಟ್ಟಿಸಿ ಹಳೆಯದನ್ನು ಖಾಲಿ ಬಿಟ್ಟಿದ್ದರು. ಮಾತಿನ ಮೇಲೆ ಬಾಡಿಗೆ, ಕಾಗದವಿಲ್ಲ. ಅದು ನನ್ನ ಮೊದಲ ತಪ್ಪು. ಕಿಟಕಿ ಒಡೆಸಿ, ಗಾಜು ಹಾಕಿಸಿ, ನೆಲ ಮಾಡಿಸಿ ನನ್ನ ಹದಿನೈದು ವರ್ಷದ ದುಡಿಮೆಯನ್ನು ಇನ್ನೊಬ್ಬರ ಗೋಡೆಗೆ ಸುರಿದೆ.

ಎರಡನೆಯ ತಪ್ಪು ಬನ್ನಿನದು. ಹುಣಸೂರಿನ ಒಬ್ಬ ಬೇಕರಿಯವರಿಗೆ ಅಂಗೈಯಗಲದ ದುಂಡು ಬನ್ನು ಬೇಕೆಂದು ಹೇಳಿ ಅಡ್ವಾನ್ಸ್ ಕೊಟ್ಟು ಬಂದೆ. ಶುರುವಿನ ದಿನ ಬೆಳಿಗ್ಗೆ ಬುಟ್ಟಿ ಬಿಚ್ಚಿದರೆ ಬನ್ನಿನೊಳಗೆಲ್ಲ ಕೆಂಪು, ಹಸಿರು ಟೂಟಿಫ್ರೂಟಿ!

"ಇದೇನ್ ಸ್ವಾಮಿ?" ಅಂದರೆ, "ಹೊಸ ಹೋಟ್ಲು, ಚೆನ್ನಾಗಿರ್ಲಿ ಅಂತ ಪ್ರೀತಿಗೆ ಹಾಕ್ಸಿದೀನಿ, ಎಕ್ಸ್‌ಟ್ರಾ ದುಡ್ಡು ಬ್ಯಾಡ," ಅಂದರು ಬೇಕರಿಯವರು. ಏನೆಂದು ಬೈಯುವುದು? ಅಡುಗೆಯ ಸಾಕಮ್ಮ, ನಾನು ಇಬ್ಬರೂ ಕೂತು ಕಡ್ಡಿಯಲ್ಲಿ ಒಂದೊಂದೇ ಟೂಟಿಫ್ರೂಟಿ ಕಿತ್ತೆವು. ಹನಗೋಡಿನ ಈ ಸಾಕಮ್ಮ ಮದುವೆ ಮನೆಗಳಲ್ಲಿ ನೂರಾರು ಜನಕ್ಕೆ ಬೇಯಿಸಿದವರು. "ಅಣ್ಣ, ಹಲ್ಲು ಕಿತ್ತಂಗಾಯ್ತದೆ," ಎಂದು ನಗುತ್ತಲೇ ಇದ್ದರು.

ಶನಿವಾರ ಭಾನುವಾರ ಜನ ತುಂಬಿದರು. ಕಾರುಗಳು ರಸ್ತೆಯಲ್ಲಿ ಸಾಲು ನಿಂತವು. ಸೋಮವಾರದಿಂದ ಗುರುವಾರದವರೆಗೆ ನಾನು, ಸಾಕಮ್ಮ, ಗೋಡೆ. ನಮ್ಮ ಊರುಗಳ ಜನ ಬರಲೇ ಇಲ್ಲ. ಬರುವುದೆಲ್ಲಿಂದ? ನಮ್ಮ ಕಡೆ ಬನ್ನು ಎಂದರೆ ಜ್ವರ ಬಂದವರು ತಿನ್ನುವುದು. ಆಸ್ಪತ್ರೆಯಲ್ಲಿ ಮಲಗಿದವರನ್ನು ನೋಡಲು ಹೋಗುವವರು ಬನ್ನು, ಬ್ರೆಡ್ಡು ಕೊಂಡು ಹೋಗುತ್ತಾರೆ. ನಾನು ಗೋಡೆಯಗಲದ ಬೋರ್ಡಿನಲ್ಲಿ ಬನ್ನಿನ ಚಿತ್ರ ಬರೆಸಿ ರಸ್ತೆಗೆ ಕಾಣುವಂತೆ ನಿಲ್ಲಿಸಿದ್ದೆ. ಆ ಚಿತ್ರ ನೋಡಿ ಹಸಿವಾಗುವುದಿರಲಿ, ಯಾರಿಗೆ ಹುಷಾರಿಲ್ಲವೋ ಎಂದು ಕೇಳುವವರೇ ಹೆಚ್ಚು. ಕಾಸು ಕೊಟ್ಟು ಬೋರ್ಡಿನ ಮೇಲೆ ಬರೆಸಿದ ಇಂಗ್ಲಿಷ್ ಹೆಸರು ಯಾರ ಬಾಯಲ್ಲೂ ಹೊರಳಲಿಲ್ಲ. ಎಲ್ಲರಿಗೂ ಅದು 'ಬನ್ ಹೋಟ್ಲು'.

ಒಂದು ವರ್ಷವಾಗುತ್ತ ಬಂದಿತ್ತು. ಒಂದು ಮಂಗಳವಾರ ಮಧ್ಯಾಹ್ನ ಚೆಲುವೇಗೌಡರು ಬಂದು ಖಾಲಿ ಕುರ್ಚಿಗಳ ನಡುವೆ ಕೂತರು.

"ನಂಜುಂಡ, ಬ್ಯಾರನ್ ಬುಟ್ಕೊಡಪ್ಪ. ಗೊಬ್ಬರದ ಗೋಡೌನಿಗೆ ಕೇಳ್ತಾವ್ರೆ."

"ಯಾಕೆ ಗೌಡ್ರೇ? ಬಾಡಿಗೆ ಒಂದು ತಿಂಗ್ಳೂ ನಿಲ್ಸಿಲ್ಲ."

"ಬಾಡಿಗೆ ಯಾವನಿಗೆ ಬೇಕ್ಲಾ? ನನ್ನ ದಾಯಾದಿಗಳು ಸಂತೇಲಿ ಏನಂತಾವ್ರೆ ಗೊತ್ತಾ? ಚೆಲುವಣ್ಣ ಬ್ಯಾರನ್ನ ಆಸ್ಪತ್ರೆ ಮಾಡವ್ನೆ ಅಂತಾವ್ರೆ. ನನ್ನ ಜಮೀನಲ್ಲಿ ಯಾರೋ ಕೂತು ತಿಂತಾವ್ರೆ, ನಮ್ಮೋರು ರೋಡಲ್ಲಿ ನಿಂತು ನೋಡ್ತಾವ್ರೆ. ನಂಗಿದು ಸರಿ ಬತ್ತಾಯಿಲ್ಲ ಕಣಯ್ಯ."

ಬಾಡಿಗೆ ಹೆಚ್ಚು ಮಾಡುತ್ತೇನೆ ಎನ್ನಬಹುದಿತ್ತು. ಎನ್ನಲಿಲ್ಲ. ಗೌಡರ ನೋವು ದುಡ್ಡಿನದಲ್ಲ, ಮರ್ಯಾದೆಯದು. ಅಂಥ ಕಡೆ ದುಡ್ಡು ತೋರಿಸಿದರೆ ಮಾತು ಅಲ್ಲಿಗೇ ಮುಗಿಯುತ್ತದೆ.

"ನಿಮ್ಮೋರು ಬಂದು ತೃಪ್ತಿಯಾಗಿ ತಿಂದ್ರೆ?"

"ಯಾರು ಬತ್ತಾರಪ್ಪ ಜ್ವರದೂಟಕ್ಕೆ?"

"ನಿಮ್ಮ ಹೊಸ ಬೀಗ್ರು."

ಗೌಡರ ಮಗಳ ಮದುವೆ ಕೆ.ಆರ್.ನಗರ ತಾಲೂಕಿನ ಹೊಸ ಅಗ್ರಹಾರ ಕಡೆಯ ಮನೆತನದವರೊಂದಿಗೆ ನಿಶ್ಚಯವಾಗಿತ್ತು. ಗೌಡರು ಎದ್ದೇ ನಿಂತರು. "ಬೀಗರೂಟದಲ್ಲಿ ಬನ್ನು ಹಾಕುಸ್ತೀಯಾ? ನನ್ನ ಮಾನ ತಗೀಬೇಕು ಅಂತಿದ್ದೀಯಾ?"

"ಬೀಗರೂಟ ನಿಮ್ಮ ಮನೇಲೇ ಆಗ್ಲಿ, ಮುದ್ದೆ, ಬಾಡು ಎಲ್ಲ ಮಾಮೂಲಿ. ಮಾರನೇ ದಿನ ಬೀಗ್ರು ವಾಪಸ್ ಹೊರಡ್ತಾರಲ್ಲ, ಹಿರೀಕರು ಹನ್ನೆರಡು ಜನ ಇಲ್ಲಿ ಉಂಡು ಹೋಗ್ಲಿ. ಖರ್ಚು ನಂದು. ಅವರು ಮುಖ ತಿರುಗ್ಸಿದ್ರೆ ಸಂಜೆಗೆ ಬೀಗದ ಕೈ ನಿಮ್ಮ ಕೈಲಿರ್ತದೆ. ಮೆಚ್ಚಿದ್ರೆ ಐದು ವರ್ಷಕ್ಕೆ ಕಾಗದ ಮಾಡ್ಕೊಡಿ."

"ಒಂದು ವರ್ಸ."

"ಗೌಡ್ರೇ, ನೆಲಕ್ಕೆ ಹಾಕಿದ ಕಲ್ಲೇ ನಂದು."

"ಎರಡು."

ಮೂರಕ್ಕೆ ನಿಂತಿತು. ನನಗೆ ಬೇಕಿದ್ದದ್ದೂ ಮೂರೇ. ಅವತ್ತು ಗೆದ್ದೆ ಎಂದುಕೊಂಡೆ. ನಿಜವಾಗಿ ಕುತ್ತಿಗೆಗೆ ಹಗ್ಗ ಹಾಕಿಕೊಂಡಿದ್ದೆ.

ಬೀಗರು ಬರುವ ದಿನ ನಸುಕಿಗೇ ಎರಡು ತೊಡೆ ತಂದೆ. ಸಾಕಮ್ಮ ಮೂಳೆ ಬಿಡಿಸಿ ಮಾಂಸ ಕೊಚ್ಚಿದರು. ಮೂಳೆಗಳನ್ನು ನಮ್ಮ ಮಾಮೂಲಿನಂತೆ ಕೆಲಸದವರ ಊಟದ ಸಾರಿಗೆ ಹಾಕಿದರು. ಹಾಕುವಾಗ ಒಂದು ಮಾತು ಹೇಳಿದರು.

"ಅಣ್ಣ, ಬೀಗ್ರಿಗೆ ಮೂಳೆ ಇಲ್ದೆ ಬಡುಸ್ತೀರಾ?"

"ಬರ್ಗರಲ್ಲಿ ಮೂಳೆ ಹಾಕಿದ್ರೆ ಬೀಗ್ರ ಹಲ್ಲು ಹೋಯ್ತದೆ ಸಾಕಮ್ಮ."

"ಒಳಗೆ ಹಾಕಿ ಅಂದ್ನಾ? ಪಕ್ಕದಲ್ಲಿ ಇಡಿ ಅಂದೆ."

ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನ ತಲೆಯೆಲ್ಲ ಹೊಸ ಬಿಳಿ ತಟ್ಟೆಗಳ ಮೇಲಿತ್ತು.

ಚೆಲುವೇಗೌಡರ ಜೊತೆ ಬೀಗರು ಬಂದರು. ಮುಂದೆ ಗಂಡಿನ ತಂದೆ ಬೋರೇಗೌಡರು, ದಪ್ಪ ಮೀಸೆ, ಕಡಿಮೆ ಮಾತು. ಜೊತೆಗೆ ಅವರ ಅಕ್ಕ, ಎಲ್ಲರೂ ದೊಡ್ಡವ್ವ ಎನ್ನುತ್ತಿದ್ದ ಮುತ್ತೈದೆ. ಹೊಸ ಅಳಿಯ, ಅವನ ಸೋದರಮಾವ, ಹೀಗೆ ಹನ್ನೆರಡು ಜನ. ಬೆಣ್ಣೆಯಲ್ಲಿ ಕೆಂಪಗೆ ಸುಟ್ಟ ಬನ್ನು, ಒಳಗೆ ದಪ್ಪ ಬಿಲ್ಲೆ, ಪಕ್ಕದಲ್ಲಿ ಆಲೂಗೆಡ್ಡೆ ಕಡ್ಡಿ. ತಟ್ಟೆ ಇಟ್ಟೆವು. ಯಾರೂ ಕೈ ಹಾಕಲಿಲ್ಲ. ಬೋರೇಗೌಡರು ಬನ್ನಿನ ಮುಚ್ಚಳ ತೆಗೆದು ಪಕ್ಕಕ್ಕಿಟ್ಟರು. ಬೆರಳಲ್ಲಿ ಬಿಲ್ಲೆಯನ್ನು ಮಗುಚಿ ಹಾಕಿ ಅದರ ಕೆಳಗೂ ನೋಡಿದರು.

"ಬೀಗ್ರೆ, ಬಾಡು ಅಂದ್ರಲ್ಲ?"

"ಅದೇ ಬಾಡು," ಅಂದರು ಚೆಲುವೇಗೌಡರು.

"ಮೂಳೆ ಎಲ್ಲದೆ?"

ನಾನು ಮುಂದೆ ಹೋಗಿ, "ಕೊಚ್ಚಿದ ಮಾಂಸ ಸ್ವಾಮಿ, ಕೈಮ ಇದ್ದಂಗೆ," ಅಂದೆ.

"ಕೈಮ ಗೊತ್ತು ಕಣಪ್ಪ. ಅದು ಸಾರಲ್ಲಿ ತೇಲ್ತದೆ, ಪಕ್ಕದಲ್ಲಿ ಮೂಳೆ ಇರ್ತದೆ. ಇದ್ಯಾವ ಬಾಡು, ಯಾವತ್ತಿಂದು, ನಂಗೆಂಗೆ ಗೊತ್ತಾಯ್ತದೆ?"

ಸೋದರಮಾವ ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಂತೆ ಅಂದ: "ನೆನ್ನೆ ಉಳ್ದಿದ್ದ ಚೂರು ಪಾರು ಕೊಚ್ಚಿ ಮುಚ್ಚಿಟ್ಟವ್ರೆ."

ಹನ್ನೆರಡು ಕೈಗಳು ತೊಡೆಯ ಮೇಲೆ ಹೋದವು. ಚೆಲುವೇಗೌಡರು ನನ್ನ ಕಡೆ ನೋಡಲೇ ಇಲ್ಲ. ನೋಡಿದ್ದರೆ ಚೆನ್ನಾಗಿತ್ತು. ನಮ್ಮ ಕಡೆಯವನಾಗಿ ಹುಟ್ಟಿಯೂ ನನಗೆ ಹೊಳೆಯದಿದ್ದದ್ದು ಅದೇ. ಬೀಗರ ಎಲೆಗೆ ಒಳಗೆ ನೆಣ ತುಂಬಿದ ನಲ್ಲಿಮೂಳೆ ಬೀಳಬೇಕು. ಅದು ರುಚಿಗೆ ಮಾತ್ರವಲ್ಲ, ಇವತ್ತು ನಿಮಗೆಂದೇ ಕುರಿ ಬಿತ್ತು ಎಂಬುದಕ್ಕೆ ಸಾಕ್ಷಿ. ಆ ಸಾಕ್ಷಿಯನ್ನೇ ಕಿತ್ತು ಒಳಗಿಟ್ಟು, ಬರೀ ಮಾಂಸವನ್ನು ಬನ್ನಿನಲ್ಲಿ ಮುಚ್ಚಿ ತಂದಿದ್ದೆ.

ಉಳಿಸಿದ್ದು ದೊಡ್ಡವ್ವನ ಮೂಗು. "ಒಳಗೆ ಏನೋ ಸಾರು ಗಮ್ಮಂತಾ ಅದೆ?" ಅಂದರು.

ನಾನು ಬಾಯಿ ತೆರೆಯುವ ಮೊದಲೇ ಸಾಕಮ್ಮ ಬಾಗಿಲಲ್ಲಿದ್ದರು. ಒಂದು ಕೈಯಲ್ಲಿ ಸಾರಿನ ಪಾತ್ರೆ, ಇನ್ನೊಂದರಲ್ಲಿ ಸೌಟು. "ಇದೇ ಕುರಿ ಮೂಳೆ ಕಣವ್ವ. ಬೆಳಿಗ್ಗೆ ಈ ಕೈಲೇ ಬುಡ್ಸಿದ್ದು. ಬನ್ನಿ, ಕೊರಡು ನೋಡಿ, ಇನ್ನೂ ಒದ್ದೆ ಅದೆ."

ದೊಡ್ಡವ್ವ ನಿಜವಾಗಿಯೂ ಎದ್ದು ಹೋದರು. ಕೊರಡು ಮುಟ್ಟಿ, ಉಳಿದಿದ್ದ ಹಸಿ ಮಾಂಸವನ್ನು ಮೂಸಿ, ಬಂದು ಕೂತು, "ಇವತ್ತಿಂದೇ ಕಣೋ ಬೋರ," ಅಂದರು. ಅಲ್ಲಿಗೆ ಅರ್ಧ ತೀರ್ಪಾಯಿತು.

ಪಾತ್ರೆಯಲ್ಲಿದ್ದದ್ದು ನಾಲ್ಕೇ ನಲ್ಲಿಮೂಳೆ. ಕೂತಿದ್ದವರು ಹನ್ನೆರಡು ಜನ. ನಾನು ಎಣಿಸುತ್ತಲೇ ಇದ್ದೆ. ಸಾಕಮ್ಮನಿಗೆ ಯೋಚನೆಯೇ ಇರಲಿಲ್ಲ. ಎಲ್ಲರಿಗೂ ಬಟ್ಟಲು ತುಂಬ ಸಾರು, ಚಿಲ್ಲರೆ ಮೂಳೆ. ನಲ್ಲಿ ಮೊದಲು ಬೋರೇಗೌಡರಿಗೆ, ಆಮೇಲೆ ದೊಡ್ಡವ್ವನಿಗೆ, ಹೊಸ ಅಳಿಯನಿಗೆ. ನಾಲ್ಕನೆಯದು ಚುಚ್ಚಿ ಮಾತಾಡಿದ ಸೋದರಮಾವನಿಗೆ. "ತಕ್ಕಳಿ, ಇದನ್ನೂ ಕೊಚ್ಚಿ ಮುಚ್ಚಿಡ್ಲಾ?" ಅಂದರು. ಇಡೀ ಬ್ಯಾರನ್ ನಕ್ಕಿತು, ಸೋದರಮಾವನೂ ನಕ್ಕ.

ಬೋರೇಗೌಡರು ಮೂಳೆಯನ್ನು ತಟ್ಟೆಯ ಅಂಚಿಗೆ ಎರಡು ಸಲ ಕುಟ್ಟಿದರು. ಒಳಗಿನ ನೆಣ ಜಾರಿ ಬಿಲ್ಲೆಯ ಮೇಲೆ ಬಿತ್ತು. ಒಂದು ಗಳಿಗೆ ಅದನ್ನೇ ನೋಡಿ, ಬೆರಳಲ್ಲಿ ಸವರಿ, ಬನ್ನಿನ ಮುಚ್ಚಳ ಮುಚ್ಚಿ, ಸಾರಿನಲ್ಲಿ ಅದ್ದಿ ಕಚ್ಚಿದರು. ಅಗಿದರು. ನಾನು ಆ ದವಡೆಯನ್ನು ನೋಡಿದಷ್ಟು ಗಮನವಾಗಿ ಬೇರೇನನ್ನೂ ನೋಡಿಲ್ಲ.

"ಚೆಲುವಣ್ಣ," ಅಂದರು. ಅಲ್ಲಿಯವರೆಗೆ ಬೀಗ್ರೆ ಎನ್ನುತ್ತಿದ್ದವರು. "ಜ್ವರ ಇಲ್ದಿದ್ರೂ ತಿನ್ಬೋದು ಕಣಯ್ಯ ಇದ. ಇನ್ನೊಂದು ತರ್ಸು."

ಹನ್ನೆರಡು ಜನ ಇಪ್ಪತ್ತೊಂದು ತಿಂದರು. ಹೊರಡುವಾಗ ದೊಡ್ಡವ್ವ ಸಾಕಮ್ಮನ ಕೈಗೆ ಎಲೆ ಅಡಿಕೆ ಇಟ್ಟರು. ನನಗೇನೂ ಇಡಲಿಲ್ಲ, ನ್ಯಾಯವಾಗಿಯೇ. ಬೀಗರ ವ್ಯಾನು ರಸ್ತೆ ತಿರುಗಿದ ಮೇಲೆ ನಾನು ಗಲ್ಲಾದ ಕಡೆ ಹೋಗದೆ ಮೇಜುಗಳ ಹತ್ತಿರ ಹೋದೆ. ಕೆ.ಆರ್.ನಗರದ ಯಜಮಾನರ ಮಾತು ಹೋಟೆಲು ತೆರೆದು ಒಂದು ವರ್ಷವಾದ ಮೇಲೆ ನೆನಪಾಗಿತ್ತು. ತಟ್ಟೆಗಳಲ್ಲಿ ಬನ್ನಿನ ಪುಡಿಯೂ ಇರಲಿಲ್ಲ. ನಾಲ್ಕು ನಲ್ಲಿಮೂಳೆ, ಚೀಪಿ ಚೀಪಿ ಬೆಳ್ಳಗಾಗಿದ್ದವು. ಎತ್ತಿ ಹಿಡಿದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಬೆಳಕು ಕಾಣುತ್ತಿತ್ತು.

ಡ್ರಾಯರಿನಿಂದ ಸ್ಟಾಂಪ್ ಪೇಪರ್ ತೆಗೆದು ಗೌಡರ ಮುಂದಿಟ್ಟೆ.

"ಮೊದ್ಲೇ ತಂದಿಟ್ಟಿದ್ಯಾ, ಕಳ್ಳ?" ಅಂದರು.

"ಮೊನ್ನೆ ತಂದೆ ಗೌಡ್ರೇ. ಜೊತೇಲಿ ಬೀಗದ ಕೈನೂ ಇದೆ ನೋಡಿ, ಅದನ್ನೂ ಇಟ್ಟಿದ್ದೆ."

ಬೀಗದ ಕೈಯನ್ನು ನನ್ನ ಕಡೆಗೇ ತಳ್ಳಿ, ಕಾಗದಕ್ಕೆ ಸಹಿ ಹಾಕಿದರು. ಆಮೇಲೆ, "ನಂಗೊಂದು ಮಾಡ್ಸು, ಬೀಗ್ರ ಮುಂದೆ ಉಣ್ಣಾಕೆ ಆಗ್ನಿಲ್ಲ," ಅಂದರು.

ಅಂದಿನಿಂದ ನಮ್ಮಲ್ಲಿ ಬರ್ಗರ್ ಜೊತೆ ಒಂದು ಬಟ್ಟಲು ಸಾರು, ಒಂದು ಮೂಳೆ. ಬೋರ್ಡಿನ ಬನ್ನಿನ ಚಿತ್ರ ಅಳಿಸಿ ಕುರಿಯ ಚಿತ್ರ ಬರೆಸಿದೆ. ಸಂತೆ ಮುಗಿಸಿದವರು, ಸೊಪ್ಪು ಮಾರಿ ಬಂದವರು, ಹೆಂಡತಿ ಮಕ್ಕಳನ್ನು ಕರೆದುಕೊಂಡು ಮಂಗಳವಾರ ಬುಧವಾರವೂ ಬಂದರು. ಶ್ರಾವಣದಲ್ಲಿ ಬಾಡು ಬೇಡವೆಂಬವರಿಗೆ ಆಲೂಗೆಡ್ಡೆಯದು, ಅವರೆ ಕಾಲದಲ್ಲಿ ಹಿತಕಿದ ಬೇಳೆಯ ಬಿಲ್ಲೆ. ಅದಂತೂ ಮಟನ್‌ನವರನ್ನೂ ಕೆಡಿಸಿತು. ಬೆಂಗಳೂರಿನವರು ಮೂಳೆ ಕಂಡು ಮೊದಲು ಬೆಚ್ಚಿದರು, ಆಮೇಲೆ ಅದನ್ನೇ ಕೇಳಿಕೊಂಡು ಬಂದರು. ಮುಂದೆ ಮೊಬೈಲಿನಲ್ಲಿ ಆರ್ಡರ್ ಬಂತು, ದೊಡ್ಡ ಫ್ರಿಜ್ ಬಂತು. ಕೊಚ್ಚುವ ಮಿಷನ್ನನ್ನು ಮಾತ್ರ ಸಾಕಮ್ಮ ತಾವಿರುವ ತನಕ ಒಳಗೆ ಬರಲು ಬಿಡಲಿಲ್ಲ. ಮೂರು ವರ್ಷದ ಕಾಗದ ಎಷ್ಟು ಸಲ ಮತ್ತೆ ಬರೆದೆವೋ ನೆನಪಿಲ್ಲ.

ಈಗ ನಿಮಗೆ. ಇನ್ನೊಬ್ಬರ ಗೋಡೆಗೆ ಒಂದು ಮೊಳೆ ಹೊಡೆಯುವ ಮುಂಚೆ ಕಾಗದ ಮಾಡಿಸಿಕೊಳ್ಳಿ. ಬನ್ನು ತರಿಸುವಾಗ ಏನು ಬೇಕೆಂದಷ್ಟೇ ಹೇಳಬೇಡಿ, ಏನು ಬೇಡವೆಂಬುದನ್ನೂ ಹೇಳಿ. ರಜಾದಿನದ ಸಾಲು ನೋಡಿ ಕುರ್ಚಿ ಹೆಚ್ಚಿಸಬೇಡಿ, ಮಂಗಳವಾರ ಮಧ್ಯಾಹ್ನ ಎಷ್ಟು ಜನ ಕೂತಿದ್ದಾರೆ ಎಣಿಸಿ. ನಿಮ್ಮ ಊರಿನವರು ಒಂದು ತಿನಿಸನ್ನು ನಂಬಲು ಏನನ್ನು ನೋಡುತ್ತಾರೋ ಅದನ್ನು ಮುಚ್ಚಿಡಬೇಡಿ, ತಟ್ಟೆಯಲ್ಲೇ ಇಡಿ. ಅದೇನೆಂದು ತಿಳಿಯದಿದ್ದರೆ ನಿಮ್ಮ ಅಡುಗೆಯವರನ್ನು ಕೇಳಿ, ಕೇಳಿದ ಮೇಲೆ ಅವರ ಮಾತಿನಂತೆ ನಡೆಯಿರಿ. ಮೊದಲ ಮೂರು ತಿಂಗಳು ಗಲ್ಲಾದಲ್ಲಿ ಬೇರೆ ಯಾರನ್ನಾದರೂ ಕೂರಿಸಿ, ನೀವು ಹೋಗಿ ತಟ್ಟೆ ತೊಳೆಯುವ ಕಡೆ ನಿಲ್ಲಿ. ಮೂಳೆ ಬೆಳ್ಳಗೆ ವಾಪಸು ಬರುತ್ತಿದ್ದರೆ ಧೈರ್ಯವಾಗಿ ಐದು ರೂಪಾಯಿ ಹೆಚ್ಚಿಸಿ.